ಟಕ್ ಅಂದ್ರೆ ಸಾಕಾ?

ಗಾಡಿಯ ವೈರಿಂಗ್‌ನಲ್ಲಿ ಅತಿ ಹೆಚ್ಚು ಬೈಗುಳ ತಿನ್ನೋದು ರಿಲೇ ಎಂಬ ಕಪ್ಪು ಡಬ್ಬಿ. ಫಾಗ್ ಲ್ಯಾಂಪ್ ಹತ್ತಲಿಲ್ವಾ, ರಿಲೇ ಹೋಗಿದೆ. ಹಾರ್ನ್ ಕೂಗಲಿಲ್ವಾ, ರಿಲೇ ಹೋಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ತನಕ ಹೋಗಿ, ಪಾರ್ಕಿಂಗ್‌ಗೆ ಮೂರು ಸುತ್ತು ಹೊಡೆದು, ಹೊಸ ರಿಲೇ ತಂದು ಚುಚ್ಚಿದ ಮೇಲೂ ಹತ್ತದಿದ್ದರೆ, "ಈಗ ಬರೋ ಮಾಲೇ ಸರಿ ಇಲ್ಲ ಬಿಡಿ ಸಾರ್" ಎಂಬ ತೀರ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎಮ್ಮೆಯ ಬಣ್ಣವೂ ಕಪ್ಪೇ.

ಆ ಡಬ್ಬಿಯೊಳಗೆ ನಡೆಯೋದು ಹಳೇ ಕಾಲದ ಜಮೀನ್ದಾರಿಕೆ. ಯಜಮಾನರು ಜಗಲಿಯಲ್ಲಿ ಕೂತು "ಲೇ, ಗೇಟು ತೆಗಿಯೋ" ಅಂತಾರೆ. ಎದ್ದು ಹೋಗಿ ತೆಗೆಯೋನು ಆಳು. ಸ್ವಿಚ್ಚಿನಿಂದ ಬರುವ ಸಣ್ಣ ಕರೆಂಟು ಯಜಮಾನರ ಮಾತು. ಅದು 85, 86 ಎಂಬ ಪಿನ್ನುಗಳ ನಡುವಿನ ತಂತಿ ಸುರುಳಿ, ಅಂದರೆ ಕಾಯಿಲ್‌ನಲ್ಲಿ ಹರಿದರೆ ಒಳಗಿನ ತಗಡು ಎಳೆದುಕೊಂಡು, 30ಕ್ಕೂ 87ಕ್ಕೂ ಸಂಬಂಧ ಕೂಡುತ್ತದೆ. 30ಕ್ಕೆ ಬ್ಯಾಟರಿ, 87ಕ್ಕೆ ಲೈಟು. ದೊಡ್ಡ ಕರೆಂಟು ಹೋಗೋದು ಈ ದಾರಿಯಲ್ಲಿ. ಈ ವಿಚಿತ್ರ ನಂಬರುಗಳು ಜರ್ಮನಿಯ ಡಿಐಎನ್ 72552 ಮಾನದಂಡದಿಂದ ಬಂದವು. ಐದನೇ ಪಿನ್ 87ಎ ಇದ್ದರೆ, ಅದು ಯಾರೂ ಏನೂ ಹೇಳದಿದ್ದಾಗ 30ರ ಜೊತೆ ಕಟ್ಟೆ ಮೇಲೆ ಹರಟುತ್ತಾ ಕೂತಿರೋನು. ರಿಲೇ ಟಕ್ ಅಂದ ಕೂಡಲೇ ಎದ್ದು ಹೋಗುತ್ತಾನೆ. ಸ್ವಿಚ್ ಆಫ್ ಮಾಡಿದರೆ ಫಾಗ್ ಲ್ಯಾಂಪ್ ಹತ್ತುತ್ತೆ, ಆನ್ ಮಾಡಿದರೆ ಆರುತ್ತೆ ಎನ್ನುವ ಗಾಡಿಗಳಿಗೆ ದೆವ್ವ ಹಿಡಿದಿಲ್ಲ. ಲೈಟಿನ ವೈರು 87ರ ಬದಲು 87ಎಗೆ ಹೋಗಿದೆ, ಅಷ್ಟೇ.

ಶಿರಾಡಿಯ ಮಂಜಿಗೆ ಹೆದರಿ ಎರಡು 55 ವ್ಯಾಟ್ ಫಾಗ್ ಲ್ಯಾಂಪ್ ಹಾಕಿಸುವವರ ಲೆಕ್ಕ ನೋಡಿ. 110 ವ್ಯಾಟ್ ಭಾಗಿಸು 12 ವೋಲ್ಟ್, ಹತ್ತಿರ ಹತ್ತಿರ 9.2 ಆಂಪಿಯರ್. ಎಂಜಿನ್ ಓಡುವಾಗ ವೋಲ್ಟೇಜು 14ರ ಸುತ್ತ ಇರೋದರಿಂದ ಇನ್ನೊಂದಿಷ್ಟು ಜಾಸ್ತಿ. ಅದಕ್ಕೆ 15 ಆಂಪಿಯರ್ ಫ್ಯೂಸು, 2.5 ಚದರ ಮಿಲಿಮೀಟರ್ ವೈರು, ಮಾಮೂಲಿ 30 ಅಥವಾ 40 ಆಂಪಿಯರ್ ರಿಲೇ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು, ಯಾಕೆಂದರೆ ಅದು ಕಾಯೋದು ವೈರನ್ನು, ಲೈಟನ್ನಲ್ಲ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ತನಕ ಮೂರು ಮೀಟರ್ ಬರೀ ವೈರು ಎಳೆದು ಅಲ್ಲಿ ಫ್ಯೂಸ್ ಹಾಕಿದರೆ, ಕಳ್ಳ ಅಡುಗೆಮನೆಗೆ ಬಂದ ಮೇಲೆ ಬಚ್ಚಲ ಬಾಗಿಲು ಹಾಕಿದ ಹಾಗೆ. ಕಾಯಿಲ್ ಕಡೆಗೆ 0.75ರ ವೈರು ಧಾರಾಳ ಸಾಕು. ಕಾಯಿಲ್ ಎಳೆಯೋದು 150 ಮಿಲಿಆಂಪಿಯರ್ ಆಸುಪಾಸು. ಆ ಸಾಲಿಗೂ ಒಂದು 3 ಆಂಪಿಯರ್ ಫ್ಯೂಸ್ ಇರಲಿ. ಯಾಕೆ ಅನ್ನೋದು ಮುಂದೆ ಬರುತ್ತೆ.

ಈಗ ಲೈಟ್ ಹತ್ತುತ್ತಿಲ್ಲ ಅಂತಿಟ್ಟುಕೊಳ್ಳಿ. ಮೊದಲು ಕಿವಿಯಿಂದಲ್ಲ, ಬೆರಳಿಂದ ಕೇಳಬೇಕು. ರಸ್ತೆ ಗದ್ದಲದಲ್ಲಿ ಟಕ್ ಎಂಬ ಸದ್ದು ಕೇಳಿಸಿತೋ ಇಲ್ಲವೋ ಎಂಬುದೇ ಇಬ್ಬರ ನಡುವೆ ಜಗಳವಾಗುತ್ತದೆ. ರಿಲೇ ಮೇಲೆ ತೋರುಬೆರಳಿಟ್ಟು, ಒಳಗೆ ಕೂತವರಿಗೆ ಸ್ವಿಚ್ ಹಾಕಲು ಹೇಳಿ. ಒಳಗೆ ಕೂತವರು ಮೊಬೈಲ್ ನೋಡುತ್ತಾ "ಹಾಕಿದೀನಿ" ಅಂತಾರೆ. ಅವರು ಹಾಕಿರೋದು ವೈಪರ್. ಇದನ್ನೂ ಪರಿಶೀಲನೆಯ ಒಂದು ಹಂತ ಅಂತಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಬೆರಳಿಗೆ ಏನೂ ತಗಲಲಿಲ್ಲ ಅಂದರೆ ತೊಂದರೆ ಕಾಯಿಲ್ ಕಡೆ. ರಿಲೇ ಕಿತ್ತು, ಸ್ವಿಚ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸಾಕೆಟ್ಟಿನ 86ಕ್ಕೂ ಇನ್ನೊಂದನ್ನು 85ಕ್ಕೂ ಇಡಿ. ಇಲ್ಲೇ ಬಹಳ ಜನ ಎಡವೋದು. ಒಂದು ಕಡ್ಡಿ 86ಕ್ಕೆ, ಇನ್ನೊಂದು ನೇರ ಬ್ಯಾಟರಿ ಮೈನಸ್‌ಗೆ ಇಟ್ಟು, "12 ಬರ್ತಾ ಇದೆ, ಕರೆಂಟ್ ಇದೆ, ರಿಲೇನೇ ಹೋಗಿರೋದು" ಅಂತ ಷರಾ ಬರೆದುಬಿಡುತ್ತಾರೆ. 86ಕ್ಕೆ ಕರೆಂಟು ಬಂದರೆ ಸಾಲದು, 85ರಿಂದ ವಾಪಸ್ ಹೋಗಲು ದಾರಿಯೂ, ಅಂದರೆ ಅರ್ತ್, ಬೇಕಲ್ಲ. 85ರ ವೈರನ್ನು ಗಾಡಿಯ ಮೈಗೆ ಬಿಗಿದಿರುವ ಬೋಲ್ಟಿನ ಕೆಳಗೆ ಪೇಂಟು, ಪೇಂಟಿನ ಕೆಳಗೆ ತುಕ್ಕು. ಅರ್ತ್ ಸರಿ ಇಲ್ಲದ ವೈರಿಂಗ್‌ಗೆ ಯಾವ ಅರ್ಥವೂ ಇಲ್ಲ ಎಂದು ಗ್ಯಾರೇಜಿನ ಗೋಡೆ ಮೇಲೆ ಬರೆಸಬಹುದು. ಆ ಜಾಗವನ್ನು ಬೆಳ್ಳಗೆ ಹೊಳೆಯುವ ತನಕ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ರಿಂಗ್ ಲಗ್ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದರೆ ಅರ್ಧಕ್ಕರ್ಧ "ಹೋದ" ರಿಲೇಗಳು ಎದ್ದು ಕೂರುತ್ತವೆ. ಕೆಲವು ಕಾರುಗಳ ಹಾರ್ನ್ ಬಟನ್ ಕೊಡೋದೇ ಅರ್ತ್, ಪ್ಲಸ್ ಅಲ್ಲ. ಅಂಥ ಕಡೆ ಬಟನ್‌ನಲ್ಲಿ 12 ವೋಲ್ಟ್ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ.

85, 86ರ ನಡುವೆ ಸರಿಯಾಗಿ 12 ವೋಲ್ಟ್ ಬರುತ್ತಿದ್ದೂ ಟಕ್ ಇಲ್ಲದಿದ್ದರೆ ಆಗ ಮಾತ್ರ ರಿಲೇ ಮೇಲೆ ಅನುಮಾನ ಪಡಿ. ಕೈಯಲ್ಲಿ ಹಿಡಿದು ಅದೇ ಎರಡು ಪಿನ್ನುಗಳ ನಡುವೆ ಓಮ್ಸ್ ನೋಡಿ. 70ರಿಂದ 100ರೊಳಗೆ ತೋರಿಸಿದರೆ ಕಾಯಿಲ್ ಗಟ್ಟಿ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ, ಎಸೆಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಒಳಗಿನ ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸತ್ತಿರುವ ಸಾಧ್ಯತೆ ಹೆಚ್ಚು. ಕಾಯಿಲ್ ಆಫ್ ಆದ ಗಳಿಗೆ ಅದು ನೂರಕ್ಕೂ ಹೆಚ್ಚು ವೋಲ್ಟಿನ ಒಂದು ಒದೆ ಕೊಟ್ಟು ಹೋಗುತ್ತದೆ. ಅದನ್ನು ತಡೆಯಲು ಕೆಲವು ರಿಲೇಗಳಲ್ಲಿ ರೆಸಿಸ್ಟರ್, ಇನ್ನು ಕೆಲವದರಲ್ಲಿ ಡಯೋಡ್ ಇಟ್ಟಿರುತ್ತಾರೆ. ಬರೀ ಕಾಯಿಲ್ ಅಥವಾ ರೆಸಿಸ್ಟರ್ ಇರುವ ರಿಲೇಗೆ 85, 86 ಅದಲುಬದಲಾದರೂ ಚಿಂತೆಯಿಲ್ಲ. ಡಯೋಡ್ ಇರುವುದಕ್ಕೆ ಉಲ್ಟಾ ಕೊಟ್ಟಿರೋ, ಡಯೋಡೇ ಶಾರ್ಟಾಗಿ ಫ್ಯೂಸನ್ನೋ ತನ್ನನ್ನೋ ಸುಟ್ಟುಕೊಳ್ಳುತ್ತದೆ. ರಿಲೇ ಮೈಮೇಲಿನ ಚಿತ್ರದಲ್ಲಿ ಸಣ್ಣ ಬಾಣದ ಗುರುತು ಇದೆಯಾ ನೋಡಿ. ಆ ಚಿತ್ರ ಇರುವುದು ಅಲಂಕಾರಕ್ಕಲ್ಲ.

ಈಗ ಟಕ್ ಅನ್ನುವ, ಆದರೆ ಕೆಲಸ ಮಾಡದ ರಿಲೇಗಳ ಕಥೆ. ಇವು ಮದುವೆಮನೆಯಲ್ಲಿ "ಆಯ್ತು ಆಯ್ತು, ನಾನ್ ನೋಡ್ಕೋತೀನಿ" ಅನ್ನೋ ನೆಂಟರ ಹಾಗೆ. ಟಕ್ ಅಂದಿದ್ದು ಕಾಯಿಲ್. ಕರೆಂಟು ದಾಟಬೇಕಾದ್ದು 30ನ್ನೂ 87ನ್ನೂ ಕೂಡಿಸುವ ಪಾಯಿಂಟುಗಳಲ್ಲಿ. ಪಾಯಿಂಟು ಸುಟ್ಟು ಕರಕಲಾಗಿದ್ದರೂ ಕಾಯಿಲ್ ಮರ್ಯಾದೆಯಿಂದ ಟಕ್ ಅನ್ನುತ್ತಲೇ ಇರುತ್ತದೆ. ಇಲ್ಲಿ ಮಲ್ಟಿಮೀಟರಿನ ಬೀಪ್ ನಂಬಿದವರು ಕೆಟ್ಟರು. ಬೀಪ್ ಬರಲು ಕೂದಲೆಳೆಯಷ್ಟು ಸಂಪರ್ಕ ಸಾಕು. 9 ಆಂಪಿಯರ್ ಹರಿಯಲು ಸಾಲದು. ಹಾಗಾಗಿ ಲೈಟು ಜೋಡಿಸಿದ್ದು ಹಾಗೇ ಇರಲಿ, ಸ್ವಿಚ್ ಹಾಕಿ, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ರಿಲೇಯ 30ಕ್ಕೂ 87ಕ್ಕೂ ನಡುವೆ ಇಡಿ. 0.1, ಹೆಚ್ಚೆಂದರೆ 0.2 ವೋಲ್ಟ್ ಬಂದರೆ ರಿಲೇ ನಿರಪರಾಧಿ. ಒಂದು ವೋಲ್ಟ್ ಬಂತೋ, 9 ಆಂಪಿಯರ್ ಲೆಕ್ಕದಲ್ಲಿ 9 ವ್ಯಾಟ್ ಶಾಖ ಆ ಪುಟ್ಟ ಡಬ್ಬಿಯೊಳಗೇ ಬೇಯುತ್ತಿದೆ. ಪೂರ್ತಿ 12 ತೋರಿಸಿದರೆ ಪಾಯಿಂಟು ಕೂಡೇ ಇಲ್ಲ.

ಇಂಥ ರಿಲೇಯ ಮುಚ್ಚಳ ಬಿಚ್ಚಿ ಪಾಯಿಂಟಿಗೆ ಸ್ಯಾಂಡ್ ಪೇಪರ್ ಉಜ್ಜುವ ಉಳಿತಾಯಗಾರರು ಊರಿಗೊಬ್ಬರು ಇದ್ದೇ ಇರುತ್ತಾರೆ. ಉಜ್ಜಿದರೆ ಹೋಗೋದು ಮಸಿಯ ಜೊತೆ ಮೇಲಿನ ಬೆಳ್ಳಿಯ ಮಿಶ್ರಲೋಹವೂ. ಒಂದಷ್ಟು ದಿನ ನಡೆದು, ನಡುರಾತ್ರಿ ಘಾಟಿಯ ತಿರುವಿನಲ್ಲಿ ಕೈಕೊಡುತ್ತದೆ. ಮುಚ್ಚಳ ಬಿಚ್ಚುವುದರಿಂದ ಒಂದು ಲಾಭ ಮಾತ್ರ ಇದೆ: ಮೈಮೇಲೆ 40 ಆಂಪಿಯರ್ ಎಂದು ಬರೆದುಕೊಂಡು, ಒಳಗೆ ಸಾಸಿವೆ ಕಾಳಿನಷ್ಟು ಪಾಯಿಂಟ್ ಇಟ್ಟುಕೊಂಡಿರುವ ನಕಲಿ ಮಾಲನ್ನು ಕಣ್ಣಾರೆ ಕಾಣಬಹುದು.

ರಿಲೇಯೂ ಸರಿ, ಕಾಯಿಲ್ಲೂ ಸರಿ, ಆದರೂ ಲೈಟು ಮಂಕು ಅಂದರೆ ಸಾಕೆಟ್ಟನ್ನು ತಿರುಗಿಸಿ ಹಿಂಬದಿ ನೋಡಿ. 30ರ ಅಥವಾ 87ರ ತೂತಿನ ಸುತ್ತ ಪ್ಲಾಸ್ಟಿಕ್ಕು ದೋಸೆಯ ಅಂಚಿನಂತೆ ಕಂದು ಬಣ್ಣಕ್ಕೆ ತಿರುಗಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಒಳಗೆ ಪಿನ್ ಹಿಡಿಯುವ 6.3 ಮಿಲಿಮೀಟರ್ ಲಗ್ಗು ಸಡಿಲವಾಗಿದೆ. ಸಡಿಲವಾದ್ದರಿಂದ ಬಿಸಿಯಾಗುತ್ತದೆ, ಬಿಸಿಯಾದ್ದರಿಂದ ಇನ್ನಷ್ಟು ಸಡಿಲವಾಗುತ್ತದೆ. ಹೊಸ ರಿಲೇ ಅದಕ್ಕೆ ಚುಚ್ಚಿದರೆ ಹೊಸದೂ ಬೇಯುತ್ತದೆ. ಲಗ್ಗು ಬದಲಿಸಿ, ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ವೈರು ಹಿಡಿದು ಜಗ್ಗಿ ನೋಡಿ. ಹಲ್ಲಿನಲ್ಲಿ ಸಿಪ್ಪೆ ಸುಲಿದು, ಕೈಯಲ್ಲಿ ತಿರುಚಿ, ಟೇಪು ಸುತ್ತಿದ ಜಾಯಿಂಟು ಎಂಜಿನ್ ಬಿಸಿಗೆ ಏಪ್ರಿಲ್ ಹೊತ್ತಿಗೆ ಹಲಸಿನ ಮೇಣದಂತೆ ಅಂಟಂಟಾಗಿ ಜಾರಿ ಬೀಳುತ್ತದೆ. ಅಂದಹಾಗೆ, ಹತ್ತು ನಿಮಿಷ ಓಡಿದ ರಿಲೇ ಬೆಚ್ಚಗಿದ್ದರೆ ಗಾಬರಿ ಬೇಡ, ಕಾಯಿಲ್ಲೇ ಸುಮಾರು 2 ವ್ಯಾಟ್ ಬಿಸಿ ಕೊಡುತ್ತದೆ. ಬೆರಳಿಡಲು ಆಗದಿದ್ದರೆ ಮಾತ್ರ ಚಿಂತೆ.

ಇನ್ನು ಟಕ್ ಅನ್ನೋದು ಒಂದಲ್ಲ, ಟಕಟಕಟಕಟಕ ಎಂದು ಹೊಲಿಗೆ ಮಿಷನ್ನಿನಂತೆ ಬಡಿದುಕೊಳ್ಳುವ ಕಾಯಿಲೆ. ಸೋತ ಬ್ಯಾಟರಿ, ಅಥವಾ ಕಾಯಿಲ್‌ಗೂ ಲೈಟಿಗೂ ಒಂದೇ ಬಡಕಲು ವೈರಿನಿಂದ ಕರೆಂಟು. ಕಾಯಿಲ್ ಎಳೆಯುತ್ತದೆ, ಲೈಟು ಹತ್ತುತ್ತದೆ, ಹತ್ತಿದ ಕೂಡಲೇ ವೋಲ್ಟೇಜು ಕುಸಿಯುತ್ತದೆ, ಕಾಯಿಲ್ ಕೈಬಿಡುತ್ತದೆ, ಲೈಟು ಆರುತ್ತದೆ, ವೋಲ್ಟೇಜು ಚೇತರಿಸಿಕೊಳ್ಳುತ್ತದೆ, ಮತ್ತೆ ಮೊದಲಿಂದ. ಹಳೆಯ ಬೈಕುಗಳಲ್ಲಿ ಇದರ ತಮ್ಮನೊಬ್ಬ ಸಿಗುತ್ತಾನೆ: ಹೆಡ್‌ಲೈಟ್ ಮ್ಯಾಗ್ನೆಟ್‌ನ ಎಸಿ ಕರೆಂಟಿನಲ್ಲಿ ಉರಿಯುವ ಗಾಡಿಯಲ್ಲಿ, ಆ ವೈರನ್ನೇ ರಿಲೇಗೆ ಕೊಟ್ಟರೆ ಅದು ಟಕ್ ಅನ್ನದೆ ಮಲೆನಾಡಿನ ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಕಾಯಿಲ್‌ಗೆ ಬ್ಯಾಟರಿಯ ಡಿಸಿ ಕೊಟ್ಟರೆ ಸುಮ್ಮನಾಗುತ್ತದೆ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ಮೇಲೆ ಅದು ಅವಸರದಲ್ಲಿ ಕಣ್ಣು ಮಿಟುಕಿಸಲು ಶುರುಮಾಡಿದರೆ ಅದು ಈ ರಿಲೇಯ ತಪ್ಪಲ್ಲ. ಫ್ಲ್ಯಾಶರ್ ಬೇರೆಯದೇ ಜಾತಿ. ಬಲ್ಬಿನ ಹೊರೆ ಕಮ್ಮಿಯಾದ್ದಕ್ಕೆ ಬಲ್ಬು ಹೋಗಿದೆ ಎಂದು ಬಗೆದಿದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿ.

ಕಾಯಿಲ್ ಸಾಲಿಗೆ 3 ಆಂಪಿಯರ್ ಫ್ಯೂಸ್ ಯಾಕೆ? ಮುಂದೆ ಬರುತ್ತೆ ಎಂದಿದ್ದು ಇದು. ನಾಲ್ಕು ಪಿನ್ನಿನ ರಿಲೇಗಳಲ್ಲಿ ಎರಡು ಬಗೆಯ ಜೋಡಣೆ ಉಂಟು, ಟೈಪ್ ಎ ಮತ್ತು ಟೈಪ್ ಬಿ. ನೋಡಲು ಅವಳಿ ಮಕ್ಕಳು, ಸಾಕೆಟ್ಟಿಗೂ ಸಲೀಸಾಗಿ ಕೂರುತ್ತವೆ, ಆದರೆ 30 ಮತ್ತು 86ರ ಜಾಗ ಅದಲುಬದಲು. ಎ ಸಾಕೆಟ್ಟಿಗೆ ಬಿ ಕೂರಿಸಿದರೆ ಏನಾಗುತ್ತದೆ? ಬ್ಯಾಟರಿಯ ದಪ್ಪ ವೈರು ಕಾಯಿಲ್‌ಗೆ, ಸ್ವಿಚ್ಚಿನ ಸಪೂರ ವೈರು ಪಾಯಿಂಟಿಗೆ. ತಮಾಷೆಯೆಂದರೆ ಲೈಟು ಹತ್ತುತ್ತದೆ! ಸ್ವಿಚ್ ಹಾಕಿದರೆ ಹತ್ತುತ್ತೆ, ತೆಗೆದರೆ ಆರುತ್ತೆ, ಎಲ್ಲರಿಗೂ ಖುಷಿ. ಒಳಗೆ ಯಜಮಾನರೇ ಎದ್ದು ಗೇಟು ತೆಗೆಯುತ್ತಿದ್ದಾರೆ, ಆಳು ಜಗಲಿ ಮೇಲೆ ಕೂತಿದ್ದಾನೆ. 9 ಆಂಪಿಯರ್ ಪೂರಾ ಸ್ವಿಚ್ಚಿನ ಮೂಲಕ ಹರಿದು ಸ್ವಿಚ್ಚು ಕರಗುತ್ತದೆ; ಆ 3 ಆಂಪಿಯರ್ ಫ್ಯೂಸ್ ಹಾಕಿದ್ದರೆ ಅದು ಮೊದಲೇ ಹಾರಿ ಗುಟ್ಟು ರಟ್ಟು ಮಾಡುತ್ತದೆ. ಫ್ಯೂಸ್ ಇಲ್ಲದ ಗಾಡಿಯಲ್ಲಿ ಇನ್ನೊಂದು ಸುಳಿವು ಉಂಟು. ಕಾಯಿಲ್ ಹಗಲೂ ರಾತ್ರಿ ಎಳೆದುಕೊಂಡೇ ಇರುವುದರಿಂದ ದಿನಕ್ಕೆ 3.6 ಆಂಪಿಯರ್-ಅವರ್ ಸೋರಿಕೆ. 35ರ ಬ್ಯಾಟರಿಯ ಕಾರು ಮನೆ ಮುಂದೆ ಒಂದು ವಾರ ನಿಂತರೆ ಸ್ಟಾರ್ಟ್ ಆಗೋದೇ ಅನುಮಾನ. ಆಗ ಬೈಸಿಕೊಳ್ಳುವುದು ಬ್ಯಾಟರಿ ಅಂಗಡಿಯವರು. ರಾತ್ರಿ ಗಾಡಿ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ರಿಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸಿಕ್ಕಿಬಿದ್ದ.

ಮಳೆಗಾಲದ ಮುಂಚೆ ಒಂದು ಕೆಲಸ: ರಿಲೇಯನ್ನು ಪಿನ್ನುಗಳು ಕೆಳಮುಖವಾಗಿರುವಂತೆ ತಿರುಗಿಸಿ ಬಿಗಿಯಿರಿ. ಮೇಲ್ಮುಖವಾಗಿದ್ದರೆ ಸಾಕೆಟ್ಟು ನೀರು ನಿಲ್ಲುವ ಬಟ್ಟಲು; ಜುಲೈ ಹೊತ್ತಿಗೆ ಪಿನ್ನುಗಳ ಮೇಲೆ ಹಸಿರು ಬೂಷ್ಟು.

ಇನ್ನುಳಿದದ್ದು ಊರಿಗೆಲ್ಲ ಗೊತ್ತಾಗುವ ಕಾಯಿಲೆ, ಹಾರ್ನ್ ರಿಲೇ ಅಂಟಿಕೊಳ್ಳುವುದು. ಅಳತೆ ಮೀರಿದ ಹೊರೆಗೆ ಪಾಯಿಂಟುಗಳು ವೆಲ್ಡಾಗಿ, ಬಟನ್ ಬಿಟ್ಟರೂ ಕೂಗು ನಿಲ್ಲುವುದಿಲ್ಲ. 10 ಆಂಪಿಯರಿನ ರಿಲೇಗೆ ಜೋಡಿ ಹಾರ್ನ್ ಕಟ್ಟಿದವರ ಮನೆಯಲ್ಲಿ ಇದು ಸಾಮಾನ್ಯವಾಗಿ ಬೀದಿಯೆಲ್ಲ ಮಲಗಿದ ಮೇಲೆ, ಗೇಟಿನ ಹೊರಗೆ, "ಬಾಗಿಲು ತೆಗಿ" ಎಂದು ಸೂಚಿಸಲು ಕೊಟ್ಟ ಒಂದು ಸಣ್ಣ ಪೀಂ ಇಂದ ಶುರುವಾಗುತ್ತದೆ. (ನಾನಾ ರಾಗದ ಹಾರ್ನು ಹಾಕಿದ್ದರೆ ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಅದೇ ತಪ್ಪು, ಅಕ್ಕಪಕ್ಕದವರ ನಿಯಮಗಳು ಇನ್ನೂ ಕಠಿಣ.) ಸ್ಟಿಯರಿಂಗ್ ಗುದ್ದಬೇಡಿ, ಕೀ ತೆಗೆದರೂ ನಿಲ್ಲಲಿಕ್ಕಿಲ್ಲ, ಏಕೆಂದರೆ 30ಕ್ಕೆ ನೇರ ಬ್ಯಾಟರಿ. ಬಾನೆಟ್ ಎತ್ತಿ ರಿಲೇಯನ್ನು ನೆಟ್ಟಗೆ ಕೀಳಿ. ಸ್ಕ್ರೂಡ್ರೈವರ್ ಹಿಡಿಯಿಂದ ಒಂದು ತಟ್ಟು ತಟ್ಟಿದರೆ ಅಂಟು ಬಿಡುವುದೂ ಉಂಟು, ಆದರೆ ಅದೇ ರಿಲೇಯನ್ನು ವಾಪಸ್ ಹಾಕಿದರೆ ನಾಳೆ ರಾತ್ರಿ ಇದೇ ಕಚೇರಿ. ರಿಲೇ ಯಾವುದೆಂದು ಕತ್ತಲಲ್ಲಿ ತಿಳಿಯದೆ ಹೋದರೆ 10ರ ಸ್ಪ್ಯಾನರ್ ತಗೊಂಡು ಬ್ಯಾಟರಿಯ ಮೈನಸ್ ಬಿಚ್ಚಿ. ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಮೈಗೆ ತಗುಲಿದರೆ ಹಾರ್ನಿನ ಜೊತೆ ಬಾಣಬಿರುಸು ಕೂಡ. ಆ ಹೊತ್ತಿಗೆ ಮೂರು ಮನೆಯ ದೀಪ ಹತ್ತಿರುತ್ತದೆ, ಮೊದಲ ಮಹಡಿಯ ಅಂಕಲ್ಲು ಲುಂಗಿ ಸರಿಮಾಡಿಕೊಳ್ಳುತ್ತಾ ಬಾಲ್ಕನಿಗೆ ಬಂದಿರುತ್ತಾರೆ.

"ಏನ್ರೀ, ಏನಾಯ್ತು?"

"ರಿಲೇ ಹೋಗಿದೆ ಅಂಕಲ್."

ಈ ಸಲ ಮಾತ್ರ ಅದು ನಿಜ.