ಹದಿನಾರು ಪಟ್ಟು ದಾಸವಾಳ

ನಮ್ಮ ಮನೆಯ ಕಾಂಪೌಂಡಿಗೆ ಅಂಟಿಕೊಂಡು ಒಂದು ಕೆಂಪು ದಾಸವಾಳದ ಗಿಡ ಇದೆ. ಕುವೆಂಪುನಗರದ ಬೇರೆ ಗಿಡಗಳ ಹಾಗೆ ಇದೂ ನೀರು ಕುಡಿಯುವುದು ಮನೆಯವರ ಕೈಯಲ್ಲಿ, ಹೂ ಬಿಡುವುದು ಊರಿಗೆ. ರಾತ್ರಿ ಗೇಟಿಗೆ ಬೀಗ ಹಾಕೋಕೆ ಹೋದಾಗ ಅಮ್ಮ ಮೊಗ್ಗು ಎಣಿಸಿಕೊಂಡು ಬರುತ್ತಾಳೆ. 11. ಬೆಳಿಗ್ಗೆ ಆರಕ್ಕೆ ರಂಗೋಲಿ ಇಡೋಕೆ ಹೋದರೆ 2. ಆ ಎರಡೂ ಯಾರ ಕೈಗೂ ನಿಲುಕದ ಕಡೆ ಇರುತ್ತವೆ, ಇಲ್ಲವೇ ಹುಳ ತಿಂದಿರುತ್ತದೆ.

ಇದಕ್ಕೆಲ್ಲ ಸ್ಟೇಷನ್ನಿಗೆ ಹೋಗೋಕಾಗುತ್ತಾ? ದೇವರ ತಲೆ ಮೇಲೆ ಕೂರುವ ಹೂವಿಗೆ ಕಳ್ಳತನ ಅನ್ನಬಾರದು ಅನ್ನುವುದು ನಮ್ಮೂರಿನ ವಾಡಿಕೆ. ಬೆಳಗಿನ ವಾಕಿಂಗ್ ಹೊರಟವರನ್ನು ನೋಡಿ. ಮಂಕಿ ಟೋಪಿ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ಕೊಡೆ. ಸಂಕ್ರಾಂತಿ ಮುಗಿದ ವಾರ, ಮೋಡದ ಸುಳಿವೇ ಇಲ್ಲದ ಬೆಳಗಿನ ಜಾವ, ಕೊಡೆ ಯಾಕೆ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಹೊಳೆಯಿತು. ಕೊಡೆಯ ಹಿಡಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಕೊಂಬೆ ಬಗ್ಗಿಸೋಕೆ ಅದಕ್ಕಿಂತ ಮರ್ಯಾದಸ್ಥ ದೋಟಿ ಇನ್ನೊಂದಿಲ್ಲ.

ಅಂತೂ ಕ್ಯಾಮೆರಾ ಹಾಕಿಸುವುದು ಅಂತಾಯಿತು. ದಿನಕ್ಕೆ ಇಪ್ಪತ್ತು ರೂಪಾಯಿಯ ಹೂ ಉಳಿಸೋಕೆ ಸಾವಿರಗಟ್ಟಲೆ ಖರ್ಚು. ಲೆಕ್ಕ ಕೇಳಬೇಡಿ. ನಮ್ಮ ಬೀದಿಯಲ್ಲಿ ಕ್ಯಾಮೆರಾ ಇಲ್ಲದ ಮನೆ ಅಂದರೆ ಕದಿಯೋಕೆ ಏನೂ ಇಲ್ಲದ ಮನೆ ಅಂತ ಜನ ತಿಳಿದುಕೊಳ್ಳುತ್ತಾರೆ.

ಅಂಗಡಿಯಲ್ಲಿ ಡಬ್ಬಗಳ ಸಾಲು. ಒಂದರ ಮೇಲೆ 4 ಎಕ್ಸ್, ಪಕ್ಕದ್ದರ ಮೇಲೆ 8 ಎಕ್ಸ್, ಮೇಲಿನ ಸಾಲಿನಲ್ಲಿ 16 ಎಕ್ಸ್. "ಏನಿದು ಎಕ್ಸ್?" ಅಂದೆ. "ಜೂಮ್ ಸಾರ್. ಎಷ್ಟು ಎಕ್ಸೋ ಅಷ್ಟು ಪಟ್ಟು ಹತ್ತಿರ." 16 ಎಕ್ಸ್ ತಗೊಂಡೆ. ಯಾವ ಜೂಮ್ ಅಂತ ಮಾತ್ರ ಕೇಳಲಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುವಾಗ ಹೂವಾಡಗಿತ್ತಿಯ ಕೈ ಉದ್ದವೋ ಗಿಡ್ಡವೋ ನೋಡಿಕೊಂಡು, ಆಮೇಲೆ ಮೊಳ ಹಾಕಿಸುವ ತಾಯಿಯ ಮಗ ನಾನು. ಯಾರ ಮೊಳ ಅಂತ ಕೇಳಬೇಕು ಅನ್ನುವುದು ರಕ್ತದಲ್ಲೇ ಇದೆ. ಆದರೆ ಡಬ್ಬದ ಮೇಲೆ ಬೆಳ್ಳಿ ಬಣ್ಣದಲ್ಲಿ ಅಂಕಿ ಹೊಳೆದ ತಕ್ಷಣ ರಕ್ತವೂ ಸುಮ್ಮನಾಗುತ್ತದೆ.

ಮಾರನೇ ದಿನ ಫಿಟ್ಟಿಂಗ್ ಹುಡುಗ ಬಂದ. ಶ್ರೀರಂಗಪಟ್ಟಣದ ಕಡೆಯವನು. ಏಣಿ ಹತ್ತಿ, "ಎಷ್ಟು ಅಗಲ ಕಾಣ್ಬೇಕು ಸಾ?" ಅಂದ. ಎಲ್ಲವೂ ಕಾಣಬೇಕು ಅಂದೆ. ಗೇಟು, ಗಿಡ, ರಸ್ತೆಯ ಆ ತುದಿ, ಈ ತುದಿ, ಎದುರು ಮನೆಗೆ ಯಾರು ಬಂದು ಹೋದರು, ಎಲ್ಲ. ಅವನು ಏನೂ ಮಾತಾಡದೆ 2.8 ಎಂಎಂ ಲೆನ್ಸಿನದ್ದನ್ನೇ ಸಜ್ಜಾದ ಕೆಳಗೆ ಕೂರಿಸಿ ಹೋದ. ಫೋನಿನಲ್ಲಿ ನೋಡಿದರೆ ಇಡೀ ಬೀದಿ ಬಾಳೆ ಎಲೆ ಹಾಸಿದ ಹಾಗೆ ಅಗಲವಾಗಿ ಕಂಡಿತು. ಸಂತೋಷವಾಯಿತು.

ಮೂರನೇ ದಿನ ಕಳ್ಳ ಸಿಕ್ಕಿದ. ಅಂದರೆ, ಸಿಕ್ಕಿದ ಅಂತ ಅಂದುಕೊಂಡೆವು. ಹೊತ್ತು 5.38. ಕತ್ತಲು, ಹಾಗಾಗಿ ಕಪ್ಪು ಬಿಳುಪು ಚಿತ್ರ. ಕ್ಯಾಮೆರಾದ ಮುಂದೆ ಜೇಡ ಆಗಲೇ ಸಂಸಾರ ಹೂಡಿತ್ತು, ಅದರ ಎಳೆಗಳು ಇನ್‌ಫ್ರಾರೆಡ್ ಬೆಳಕಿಗೆ ತೆಂಗಿನ ಹಗ್ಗದ ಹಾಗೆ ಹೊಳೆಯುತ್ತಿದ್ದವು. ಅದರ ಹಿಂದೆ ಒಂದು ಆಕಾರ. ಟೋಪಿ ಇದೆ, ಕವರ್ ಇದೆ, ಕೊಡೆ ಇದೆ. ಎರಡು ಬೆರಳಿಟ್ಟು ಮುಖ ಹಿಗ್ಗಿಸಿದೆ. 4 ಎಕ್ಸ್. ಮುಖ ಇದ್ದ ಜಾಗದಲ್ಲಿ ಮಂಜು. 8 ಎಕ್ಸ್. ಮಂಜು ಹೋಗಿ ಚೌಕಗಳು ಬಂದವು. 16 ಎಕ್ಸ್‌ಗೆ ಹೋದಾಗ ಪರದೆ ತುಂಬ ಬೂದು ಬಿಳಿ ತುಂಡುಗಳು, ಥೇಟ್ ಕೊಬ್ಬರಿ ಮಿಠಾಯಿ ಕುಯ್ದಿಟ್ಟ ತಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ಇದ್ರಲ್ಲಿ ಮುಖ ಎಲ್ಲೋ?"

"ಇದು ಪಿಕ್ಸೆಲ್ ಅಮ್ಮ. ಚುಕ್ಕಿ ಅಂತ ತಿಳ್ಕೋ. ನಮ್ಮದು 2 ಎಂಪಿ ಕ್ಯಾಮೆರಾ. ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು 20 ಲಕ್ಷದ 73 ಸಾವಿರದ ಮೇಲೆ ಚುಕ್ಕಿ ಇದೆ."

"ಅಷ್ಟು ಚುಕ್ಕಿ ಇಟ್ಟೂ ಒಂದು ಮೂಗು ಬರೆಯೋಕೆ ಬರಲಿಲ್ವಾ ಅದಕ್ಕೆ?"

ಅಲ್ಲಿಗೆ ನಾನು ಪೇಪರ್ ಪೆನ್ನು ಹಿಡಿದು ಕೂರಬೇಕಾಯಿತು. ಗೇಟು ಕ್ಯಾಮೆರಾದಿಂದ ಹೆಚ್ಚು ಕಡಿಮೆ 30 ಅಡಿ. ಅಷ್ಟು ದೂರದಲ್ಲಿ ನಮ್ಮ ಲೆನ್ಸು ಸುಮಾರು 60 ಅಡಿ ಅಗಲ ನೋಡುತ್ತದೆ. 1920 ಚುಕ್ಕಿಯನ್ನು 60 ಅಡಿಗೆ ಹಂಚಿದರೆ ಒಂದು ಮುಖದ ಅಗಲಕ್ಕೆ ಬರುವುದು ಹದಿನೇಳೋ ಹದಿನೆಂಟೋ. ಎದುರು ಮನೆಯ ಗೋಡೆಗೆ ನೂರಾರು ಚುಕ್ಕಿ, ಕರೆಂಟ್ ಕಂಬಕ್ಕೆ ಒಂದಷ್ಟು, ಕಳ್ಳನ ಮುಖಕ್ಕೆ ಹದಿನೇಳು. ಗೋಡೆಯನ್ನು ಬೇಕಾದರೆ ನಾಳೆ ಕೋರ್ಟಿನಲ್ಲಿ ಗುರುತಿಸಬಹುದು. 16 ಎಕ್ಸ್ ಮಾಡಿದಾಗ ಪರದೆ ಮೇಲೆ ಉಳಿಯುವುದು ಒಟ್ಟು 8,100 ಚುಕ್ಕಿ. ಅಷ್ಟನ್ನೇ ಎಳೆದೂ ಎಳೆದೂ ಇಡೀ ಪರದೆಗೆ ಹಾಸುತ್ತದೆ. ಡಿಜಿಟಲ್ ಜೂಮ್ ಅಂದರೆ ಇಷ್ಟೇ.

ಅಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. "ಐದು ಚುಕ್ಕಿ ರಂಗೋಲಿನ ಬೀದಿಯಗಲ ಬಿಟ್ಟ ಹಾಗೆ ಅನ್ನು. ಬೀದಿ ತುಂಬುತ್ತೆ. ನವಿಲು ಬರಲ್ಲ."

ಫಿಟ್ಟಿಂಗ್ ಹುಡುಗನಿಗೆ ಫೋನ್ ಮಾಡಿ ಜಗಳ ತೆಗೆದೆ. ಪಾಪ, ಅವನು ಸಮಾಧಾನವಾಗಿ ಹೇಳಿದ. "ಲೆನ್ಸ್ ಒಳ್ಗಡೆ ಗಾಜು ಮುಂದ್ಕೂ ಹಿಂದ್ಕೂ ಓಡಾಡುದ್ರೆ ಅದು ಆಪ್ಟಿಕಲ್ ಜೂಮು ಸಾ. ಚುಕ್ಕಿ ಅಷ್ಟೇ ಇರ್ತದೆ, ಎಲ್ಲಾನೂ ತಂದು ಮುಖದ್ ಮೇಲೆ ಹಾಕ್ತದೆ. ನಿಮ್ದ್ರಲ್ಲಿ ಏನೂ ಓಡಾಡಾಕಿಲ್ಲ. ಇರೋ ಚಿತ್ರನೇ ಕುಯ್ದು ಹಿಗ್ಗುಸ್ತದೆ."

"ಮತ್ತೆ ಡಬ್ಬದ ಮೇಲೆ 16 ಅಂತ ಬರೆದಿದೆಯಲ್ಲಪ್ಪಾ?"

"ಡಬ್ಬದ್ ಮೇಲೆ ಜಾಗ ಅದೆ, ಬರ್ದವ್ರೆ ಸಾ."

ನಾನು ಮಾಡಿದ ಇನ್ನೊಂದು ತಪ್ಪು ಅಂದರೆ ಆ ಕೊಬ್ಬರಿ ಮಿಠಾಯಿಯನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು. ಐದು ನಿಮಿಷದಲ್ಲಿ ನಾಲ್ಕು ಜನ ಗುರುತು ಹಿಡಿದರು. ನಾಲ್ಕು ಜನ, ನಾಲ್ಕು ಗುರುತು. ಮೂಲೆ ಮನೆಯವರಿಗೆ ಅದರಲ್ಲಿ ತಮ್ಮ ಬಾಡಿಗೆದಾರ ಕಂಡ. ಬಾಡಿಗೆ ಮೂರು ತಿಂಗಳಿಂದ ಬಾಕಿ ಇದೆಯಂತೆ. ಪಾರ್ಕಿನ ಎದುರಿನವರಿಗೆ ಹಾಲಿನ ಹುಡುಗ ಕಂಡ. ಬಡಾವಣೆ ಸಂಘದ ಕಾರ್ಯದರ್ಶಿಗಳಿಗೆ ಹೋದ ಸಲ ತಮ್ಮ ಎದುರು ಚುನಾವಣೆಗೆ ನಿಂತವರ ಭುಜ ಸ್ಪಷ್ಟವಾಗಿ ಕಂಡಿತು. "ಆ ಭುಜ ನನಗೆ ಗೊತ್ತಿಲ್ವಾ?" ಅಂತ ಬರೆದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಚಿತ್ರವನ್ನು ಹಿಗ್ಗಿಸಿದಾಗ ಎರಡು ಚುಕ್ಕಿಯ ನಡುವೆ ಖಾಲಿ ಜಾಗ ಹುಟ್ಟುತ್ತದೆ. ಅಲ್ಲಿ ಏನಿತ್ತು ಅಂತ ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ, ಹೀಗಿರಬಹುದು ಅಂತ ಒಂದು ಬಣ್ಣ ತುಂಬುತ್ತದೆ. ನಮ್ಮ ಬಡಾವಣೆಯೂ ಅಕ್ಕಪಕ್ಕದವರನ್ನು ನೋಡಿಯೇ ತುಂಬಿದ್ದು. ಯಂತ್ರ ಕನಿಷ್ಠ ಬೂದು ಬಣ್ಣ ತುಂಬುತ್ತದೆ. ಇವರು ಹೆಸರು, ಮನೆ ನಂಬರ್ ಎಲ್ಲ ತುಂಬಿದರು.

ಕಾರ್ಯದರ್ಶಿಗಳ ಮಗ ಇನ್ನೂ ಮುಂದೆ ಹೋದ. ಫೋಟೋ ಸ್ಪಷ್ಟ ಮಾಡುವ ಎಐ ಆಪಿಗೆ ಹಾಕಿದ. ಮುಖ ಬಂತು ನೋಡಿ! ತಿದ್ದಿದ ಹುಬ್ಬು, ಟ್ರಿಮ್ ಮಾಡಿದ ಗಡ್ಡ, ಕಣ್ಣಿನಲ್ಲಿ ಹೊಳಪು. ಹದಿನೇಳು ಚುಕ್ಕಿಯಿಂದ ಇಷ್ಟು ಲಕ್ಷಣವಾದ ಗಂಡು ಹುಟ್ಟಿದ್ದು ಸೃಷ್ಟಿಯ ವಿಚಿತ್ರವೇ. ಅಂಥ ಮನುಷ್ಯ ನಮ್ಮ ಬೀದಿಯಲ್ಲಿ ಎಂದೂ ಓಡಾಡಿದ್ದಿಲ್ಲ. ಗ್ರೂಪಿನಲ್ಲಿ ಒಬ್ಬರು "ಹುಡುಗ ಯಾರ ಕಡೆಯವನು?" ಅಂತ ಕೇಳಿದರು. ಕಳ್ಳನನ್ನು ಹಿಡಿಯೋಕೆ ಕೇಳಿದ್ದಲ್ಲ ಅನ್ನುವುದು ಮನೆಯಲ್ಲಿ ಮದುವೆಗೆ ಮಗಳಿರುವ ಎಲ್ಲರಿಗೂ ಅರ್ಥವಾಯಿತು.

ನಮ್ಮೂರಿನವರಿಗೆ ಮಬ್ಬು ಚಿತ್ರದ ಮೇಲೆ ಭಕ್ತಿ ಜಾಸ್ತಿ ಅಂತ ನನಗೆ ಮೊದಲಿಂದಲೂ ಅನುಮಾನ. ವಿಜಯದಶಮಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರ ಫೋನ್ ನೋಡಿ. 750 ಕೆ.ಜಿ. ಅಂಬಾರಿ ಕಣ್ಣೆದುರು ಬರುತ್ತಿರುತ್ತದೆ. ಜನ ಅದನ್ನು ಬಿಟ್ಟು ಫೋನಿನಲ್ಲಿ 10 ಎಕ್ಸ್ ಎಳೆಯುತ್ತಿರುತ್ತಾರೆ. ಮನೆಗೆ ಬಂದು ತೋರಿಸುವುದು ಒಂದು ಹಳದಿ ಕಲೆ. "ಇದೇ ಅಂಬಾರಿ, ಇಲ್ಲೇ ತಾಯಿ" ಅನ್ನುತ್ತಾರೆ. ಹೌದಪ್ಪ, ಇರಬಹುದು ಅಂತ ನಾವೂ ಕೈ ಮುಗಿಯುತ್ತೇವೆ.

ಭಾನುವಾರ ತುರ್ತು ಸಭೆ. ಮೊದಲ ಬೇಡಿಕೆ ಏನು ಗೊತ್ತಾ? ಮೊನ್ನೆ ರೆಕಾರ್ಡ್ ಆದ ವಿಡಿಯೋಗೇ ಆಪ್ಟಿಕಲ್ ಜೂಮ್ ಹಾಕಿಸಬೇಕು, ಖರ್ಚು ಎಷ್ಟಾದರೂ ಸರಿ. ಆಪ್ಟಿಕಲ್ ಜೂಮ್ ಆಗುವುದು ಬೆಳಕು ಲೆನ್ಸ್ ದಾಟುವ ಹೊತ್ತಿನಲ್ಲಿ ಮಾತ್ರ, ಆಮೇಲೆ ಹಾಕಿಸೋಕೆ ಅದೇನು ಒಗ್ಗರಣೆ ಅಲ್ಲ ಅಂತ ನಾನು ವಿವರಿಸಿದೆ. ನಿವೃತ್ತ ಎಂಜಿನಿಯರ್ ಒಬ್ಬರು "ನೀವು ಸರಿಯಾದ ಕಡೆ ವಿಚಾರಿಸಿಲ್ಲ" ಅಂದರು. ಚಪ್ಪಾಳೆ ಅವರಿಗೇ ಬಿತ್ತು.

ಕೊನೆಗೆ ಸಂಘದ ದುಡ್ಡಿನಲ್ಲಿ ಒಂದು ವೇರಿಫೋಕಲ್ ಕ್ಯಾಮೆರಾ ತರುವುದು ಅಂತಾಯಿತು. 2.8ರಿಂದ 12 ಎಂಎಂ, ಮೋಟಾರಿನಲ್ಲಿ ಗಾಜು ಸರಿಯುವಂಥದ್ದು, ನಿಜವಾದ ಜೂಮ್. ನಾಲ್ಕು ಪಟ್ಟು ಚಿಲ್ಲರೆ, ಅಷ್ಟೇ. "ಹದಿನಾರು ಬಿಟ್ಟು ನಾಲ್ಕಕ್ಕೆ ಇಳಿಯೋದಾ? ಸಂಘದ ಮರ್ಯಾದೆ ಏನಾಗಬೇಕು?" ಅಂತ ಖಜಾಂಚಿಗಳು ಎದ್ದು ನಿಂತರು. ಅವರನ್ನು ಕೂರಿಸೋಕೆ ಅರ್ಧ ಗಂಟೆ, ಎರಡು ಸುತ್ತು ಕಾಫಿ ಹಿಡಿಯಿತು.

ನಿಜವಾದ ರಾಮಾಯಣ ಶುರುವಾಗಿದ್ದು ಕ್ಯಾಮೆರಾ ಬಂದ ಮೇಲೆ. ಅದೇ ಹುಡುಗ ಕಂಬಕ್ಕೆ ಹತ್ತಿ ಮೊದಲೇ ಹೇಳಿದ. "ಪೂರ್ತಿ ಜೂಮ್ ಹಾಕುದ್ರೆ ಅಕ್ಕಪಕ್ಕ ಕಾಣಾಕಿಲ್ಲ ಸಾ. ಯಾವ್ದು ಬೇಕು ಈಗ್ಲೇ ಯೋಳ್ಬುಡಿ." 12 ಎಂಎಂಗೆ ಎಳೆದರೆ 30 ಅಡಿ ದೂರದಲ್ಲಿ ಕಾಣುವ ಅಗಲ ಬರೀ 14 ಅಡಿ. ಅಂದರೆ ಒಂದು ಗೇಟು, ಅದರ ಪಕ್ಕ ಒಂದು ಗಿಡ. ಯಾರ ಗೇಟು? ಕಾರಿಟ್ಟವರು ಕಾರಿನ ಕಡೆ ಅಂದರು. ಕಸ ತಂದು ಸುರಿಯುವವರು ಯಾರು ಅಂತ ಗೊತ್ತಾಗಬೇಕಾದವರು ಮೋರಿ ಕಡೆ ಅಂದರು. ಒಬ್ಬರು ಗುಟ್ಟಾಗಿ ನನ್ನನ್ನು ಕರೆದು ತಮ್ಮ ತಮ್ಮನ ಮನೆ ಬಾಗಿಲ ಕಡೆ ತಿರುಗಿಸೋಕಾಗುತ್ತಾ ಅಂತ ವಿಚಾರಿಸಿದರು. ಅಷ್ಟು ಹೊತ್ತೂ ಹುಡುಗ ಕಂಬದ ಮೇಲೇ ಇದ್ದ. ದೂರು ಕೊಟ್ಟವನು ನಾನೇ ಆದ್ದರಿಂದ ಒಂದು ವಾರದ ಮಟ್ಟಿಗೆ ದಾಸವಾಳಕ್ಕೆ ಅಂತ ಒಪ್ಪಿದರು.

ಅಪರಿಚಿತರನ್ನು ನೋಡಿ ಇಂಥವರೇ ಅನ್ನಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕು ಅಂತ ಸಿಸಿಟಿವಿಯವರ ಅಂತರರಾಷ್ಟ್ರೀಯ ಮಾನದಂಡ ಇದೆ. ನಮ್ಮ ಹಳೆಯದರಲ್ಲಿ ನೂರು ಚಿಲ್ಲರೆ ಇತ್ತು. ಹೊಸದರಲ್ಲಿ ನಾನೂರು ದಾಟಿತು. ಡಿಜಿಟಲ್ ಜೂಮ್ ಮುಟ್ಟುವ ಗೋಜೇ ಇಲ್ಲ. ಬುಧವಾರ 5.41ಕ್ಕೆ ಬಂದ ಚಿತ್ರದಲ್ಲಿ ಮಂಕಿ ಟೋಪಿಯ ಮೇಲಿನ ಉಲ್ಲನ್ ಗೊಂಡೆ ಜೋತು ಬಿದ್ದಿದ್ದು ಕಾಣುತ್ತಿತ್ತು. ಕೊಡೆಯ ಒಂದು ಕಡ್ಡಿ ಮುರಿದು ದಾರ ಸುತ್ತಿದ್ದು ಕಾಣುತ್ತಿತ್ತು. ಹೂ ಕೀಳುವ ಮೊದಲು ಗಿಡಕ್ಕೆ ಒಂದು ಸಣ್ಣ ನಮಸ್ಕಾರ ಹಾಕಿದ್ದೂ ಕಾಣಿಸಿತು. ಮುಖ ಅಂತೂ ಆಧಾರ್ ಕಾರ್ಡಿನಲ್ಲೂ ಅಷ್ಟು ಚೆನ್ನಾಗಿ ಬಂದಿರಲಾರದು.

ಯಾರದು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ನನ್ನ ಬರಹ ಓದುವವರು ನಾಲ್ಕೇ ಜನ. ಅದರಲ್ಲಿ ಒಬ್ಬರು ಕಮ್ಮಿಯಾಗುವುದು ಬೇಡ.

ಗ್ರೂಪಿಗೆ ಹಾಕಿದೆ. ಎಲ್ಲರೂ ನೋಡಿದ್ದಾರೆ ಅಂತ ನೀಲಿ ಗೆರೆ ಬಂತು. ಒಬ್ಬರೂ ಬಾಯಿ ಬಿಡಲಿಲ್ಲ. ಹದಿನೇಳು ಚುಕ್ಕಿಯಲ್ಲಿ ಭುಜ ಗುರುತಿಸಿದ ಕಾರ್ಯದರ್ಶಿಗಳಿಗೆ ಈಗ ಕಣ್ಣು ಮೂಗು ಎಲ್ಲ ಇದ್ದರೂ ಗುರುತು ಸಿಗಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಒಬ್ಬರು "ಶುಭ ಮುಂಜಾನೆ" ಅಂತ ಹೂವಿನ ಚಿತ್ರ ಕಳಿಸಿದರು. ಅದರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮಧ್ಯಾಹ್ನದ ಹೊತ್ತಿಗೆ ನನ್ನ ಫೋಟೋ ಹುಡುಕಬೇಕಾದರೆ ಬೆರಳು ನೋಯುವಷ್ಟು ಹಿಂದಕ್ಕೆ ಹೋಗಬೇಕಿತ್ತು. ಸಂಜೆ ಅಧ್ಯಕ್ಷರ ಸೂಚನೆ ಬಂತು: ಗ್ರೂಪಿನಲ್ಲಿ ನಿವಾಸಿಗಳ ಖಾಸಗಿ ಚಿತ್ರ ಹಾಕತಕ್ಕದ್ದಲ್ಲ. ಕ್ಯಾಮೆರಾವನ್ನು ಸರ್ವರ ಹಿತದೃಷ್ಟಿಯಿಂದ ಅಗಲಕ್ಕೆ ಇಡಲಾಗುವುದು.

ಹುಡುಗ ಬಂದು 12ರಿಂದ 2.8ಕ್ಕೆ ಇಳಿಸಿದ. ಮೊಬೈಲಿನಲ್ಲೇ ಆಗುವ ಕೆಲಸಕ್ಕೆ ಕಂಬ ಹತ್ತಿ ಇಳಿದ, ಸಂಘದಿಂದ 500 ರೂಪಾಯಿ ತಗೊಂಡ. ಈಗ ಅದರಲ್ಲೂ ಇಡೀ ಬೀದಿ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆಗೆದರೆ ಅದೇ ಮಂಕಿ ಟೋಪಿಯವರು, ಮನೆಯಲ್ಲಿ ಪೂಜೆ ಮುಗಿಸಿ ಪ್ರಸಾದ ತಂದಿದ್ದರು. ಬಾಳೆ ಎಲೆಯ ತುಂಡಿನಲ್ಲಿ ಸಿಹಿ ಪೊಂಗಲ್, ಅದರ ಪಕ್ಕ ಒಂದು ಕೆಂಪು ದಾಸವಾಳ. ಅಮ್ಮ ಸೆರಗು ಹೊದ್ದು, ಎರಡೂ ಕೈಯಲ್ಲಿ ತಗೊಂಡು, ಹೂವನ್ನು ಕಣ್ಣಿಗೊತ್ತಿಕೊಂಡಳು. ಅವರು ಗೇಟು ದಾಟುವವರೆಗೆ ಕಾದು ನನ್ನ ಕಡೆ ತಿರುಗಿದಳು.

"ಎಷ್ಟು ದೊಡ್ಡದಾಗಿ ಅರಳಿದೆ ನೋಡೋ. ಸಗಣಿ ಗೊಬ್ಬರ ಹಾಕಿದ್ದು ಒಳ್ಳೇದೇ ಆಯ್ತು."