ಗ್ಯಾಸ್ ಮಾತ್ರೆಗೆ ನಿವೃತ್ತಿ ವಯಸ್ಸು ಎಷ್ಟು?

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರ 60ಕ್ಕೆ ನಿವೃತ್ತನಾಗುತ್ತಾನೆ. ಗ್ಯಾಸ್ ಮಾತ್ರೆ ಆಗುವುದಿಲ್ಲ.

ಮಂಡಿ ನೋವು ಅಂತ ಹೋಗಿ, ಹಲ್ಲು ಕೀಳಿಸಲು ಹೋಗಿ, ಚೀಟಿಯಲ್ಲಿ ಹೊಟ್ಟೆಯ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಬಂದು ಕೂತಿರುತ್ತದೆ. ಉಳಿದ ಮಾತ್ರೆಗಳಿಂದ ಗ್ಯಾಸ್ ಆಗದಿರಲಿ ಅಂತ. ಐದು ದಿನದಲ್ಲಿ ನೋವಿನ ಮಾತ್ರೆ ಮುಗಿಯುತ್ತದೆ, ಆಂಟಿಬಯೋಟಿಕ್ ಮುಗಿಯುತ್ತದೆ, ಹಲ್ಲಂತೂ ಇರುವುದೇ ಇಲ್ಲ. ಕಾವಲಿಗೆ ಬಂದವನು ಮಾತ್ರ ಮನೆಯಲ್ಲೇ ಉಳಿದುಬಿಡುತ್ತಾನೆ. ರೇಷನ್ ಕಾರ್ಡಿಗೆ ಹೆಸರು ಸೇರಿಸುವುದೊಂದು ಬಾಕಿ.

ಸಾಮಾನ್ಯ ಎದೆ ಉರಿಗೆ ಇದರ ಲೆಕ್ಕ 4ರಿಂದ 8 ವಾರ. ಶೀಟಿನ ಮೇಲೆ ಕೆಂಪು ಗೆರೆ ಇದೆ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಅಚ್ಚಾಗಿದೆ. ಆದರೆ ಮೆಡಿಕಲ್ ಶಾಪಿಗೆ ಹೋಗಿ "ಅಣ್ಣಾ, ಗ್ಯಾಸ್‌ದು ಒಂದು ಶೀಟ್ ಕೊಡಿ" ಅನ್ನಿ, "ಬರೀ ನಲವತ್ತಾ, ಡಿ ಇರೋದಾ ಸಾರ್?" ಅಂತ ಅವರೇ ಕೇಳುತ್ತಾರೆ (ಡಿ ಅಂದರೆ ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ ಸೇರಿದ್ದು). ಇದಕ್ಕಿಂತ ಆಳವಾದ ತಪಾಸಣೆ ಫೀಸು ಕೊಟ್ಟ ಕಡೆಯೂ ಆಗುವುದಿಲ್ಲ ಬಿಡಿ.

2019ರಲ್ಲಿ ದೇಶದ ಔಷಧ ನಿಯಂತ್ರಕರು, ಈ ಜಾತಿಯ ಮಾತ್ರೆಗಳಿಂದ ಕಿಡ್ನಿಗೆ ಪೆಟ್ಟು ಬೀಳಬಹುದು ಅನ್ನುವ ಎಚ್ಚರಿಕೆಯನ್ನು ಡಬ್ಬಿಯೊಳಗಿನ ಹಾಳೆಯಲ್ಲಿ ಹಾಕಿಸಿ ಅಂದರು. ಒಳ್ಳೆಯದೇ. ಹಾಳೆ ಡಬ್ಬಿಯಲ್ಲಿರುತ್ತದೆ, ಡಬ್ಬಿ ಅಂಗಡಿಯಲ್ಲಿರುತ್ತದೆ, ನಮ್ಮ ಕೈಗೆ ಬರುವುದು ಕತ್ತರಿಸಿದ ನಾಲ್ಕು ಮಾತ್ರೆ. ಕಿಡ್ನಿ ಅಂಗಡಿಯವರದಲ್ಲ, ನಮ್ಮದು ಅಲ್ವಾ?

ಇನ್ನು ಇದನ್ನು ನುಂಗಬೇಕಾದದ್ದು ಊಟಕ್ಕೆ ಅರ್ಧ ಗಂಟೆ ಮೊದಲು. ನಾವು ಮೂರು ಹೋಳಿಗೆ ಇಳಿಸಿ, ಹುಳಿತೇಗು ಬಂದ ಮೇಲೆ ಜೇಬು ತಡಕುತ್ತೇವೆ. ಅದಕ್ಕೇ ನನ್ನದೊಂದು ಸಲಹೆ: ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುತ್ತಾರಲ್ಲ, ಅಲ್ಲೇ ಇದನ್ನೂ ಒಂದೊಂದು ಕೊಟ್ಟುಬಿಡಲಿ, ಮುಹೂರ್ತ ಮುಗಿದು ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಕೆಲಸ ಶುರುವಾಗಿರುತ್ತದೆ.

ತಮಾಷೆ ಇರುವುದು ನಿಲ್ಲಿಸುವಾಗ. 2009ರಲ್ಲಿ ಡೆನ್ಮಾರ್ಕಿನಲ್ಲಿ 120 ಆರೋಗ್ಯವಂತರನ್ನು ಕೂರಿಸಿ, ಒಂದು ಗುಂಪಿಗೆ 8 ವಾರ ಇದೇ ಜಾತಿಯ ಎಸೊಮೆಪ್ರಜೋಲ್ ಕೊಟ್ಟು, ಗೊತ್ತಾಗದ ಹಾಗೆ ಔಷಧವೇ ಇಲ್ಲದ ಉತ್ತುತ್ತು ಮಾತ್ರೆಗೆ ಬದಲಾಯಿಸಿದರು. ಮುಂದಿನ 4 ವಾರದಲ್ಲಿ ಅವರಲ್ಲಿ ಶೇ. 44 ಜನಕ್ಕೆ ಎದೆ ಉರಿ, ಹುಳಿತೇಗು ಥರದ ತೊಂದರೆ ಬಂತು. ಮೊದಲಿಂದಲೂ ಉತ್ತುತ್ತು ಮಾತ್ರೆ ನುಂಗಿದವರಲ್ಲಿ ಶೇ. 15. ಮಾತ್ರೆ ಆಸಿಡ್ ತಡೆದರೆ ದೇಹ ಸುಮ್ನೆ ಕೂರುವುದಿಲ್ಲ, ಆಸಿಡ್ ಮಾಡಿಸುವ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ತಡೆ ತೆಗೆದ ಕೂಡಲೇ ಅಷ್ಟು ದಿನದ ಬಾಕಿ ಕೆಲಸವನ್ನೆಲ್ಲ ಹೊಟ್ಟೆ ಒಟ್ಟಿಗೆ ಮಾಡುತ್ತದೆ. ಕೆಲವು ವಾರಗಳ ಕಾಟ, ಆಮೇಲೆ ತಣ್ಣಗಾಗುತ್ತದೆ. ಆದರೆ ಇದನ್ನು ಯಾರೂ ಹೇಳಿರುವುದಿಲ್ಲವಲ್ಲ, ಮೂರನೇ ದಿನಕ್ಕೇ "ನೋಡಿದ್ರಾ, ಇದಿಲ್ಲದೆ ನಂಗೆ ಆಗಲ್ಲ" ಅಂತ ಮತ್ತೆ ಶೀಟು ಬಿಚ್ಚುತ್ತೇವೆ.

ಡೋಸ್ ಇಳಿಸುತ್ತ ಬಿಡಬಹುದು, ಒಂದೇ ಸಲಕ್ಕೂ ಬಿಡಬಹುದು, ನಡುವೆ ಉರಿ ಬಂದರೆ ಆಂಟಾಸಿಡ್ ಇದೆ. ಹಾಗಂತ ಹುಣ್ಣಿನಿಂದ ರಕ್ತ ಹೋದವರು, ಆಸ್ಪಿರಿನ್ ಜೊತೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಇದನ್ನು ಓದಿ ಮಾತ್ರೆ ಎಸೆದು ನನ್ನ ಮೇಲೆ ಬರಬೇಡಿ. ನಿಮಗೆ ಅದು ಬೇಕು. ನಿಮ್ಮ ಪಕ್ಕದಲ್ಲಿ ಕೂತು, 2014ರಲ್ಲಿ ಮಸಾಲೆ ದೋಸೆ ತಿಂದದ್ದಕ್ಕೆ ಇವತ್ತಿಗೂ ನುಂಗುತ್ತಿರುವವರ ವಿಷಯ ನಾನು ಹೇಳುತ್ತಿರುವುದು.

ವರ್ಷಗಟ್ಟಲೆ ನುಂಗಿದರೆ ಬಿ12 ಕಡಿಮೆಯಾಗಬಹುದು. ಆಗ ಬಿ12 ಮಾತ್ರೆ ಬರೆಯುತ್ತಾರೆ. ಅದರಿಂದ ಗ್ಯಾಸ್ ಆಗದಿರಲಿ ಅಂತ ಜೊತೆಗೆ ಏನು ಬರೆಯುತ್ತಾರೆ, ನೀವೇ ಹೇಳಿ.

ಸರಿ, ಧೈರ್ಯ ಮಾಡಿ ಡಾಕ್ಟರನ್ನೇ ಕೇಳೋಣ ಅಂತೀರಾ?

"ಸಾರ್, ಇದನ್ನ ಯಾವಾಗ ನಿಲ್ಲಿಸಬಹುದು?"

"ಈಗ ತೊಂದರೆ ಏನಾದ್ರೂ ಇದೆಯಾ?"

"ಇಲ್ಲ ಸಾರ್."

"ಮತ್ತೆ? ಚೆನ್ನಾಗಿ ಕೆಲಸ ಮಾಡ್ತಿದೆ, ಮುಂದುವರಿಸಿ."

"ಬಿಟ್ಟು ನೋಡಿದ್ದೆ ಸಾರ್, ಆಗ ಉರಿ ಬಂತು."

"ಹೌದಾ? ಹಾಗಾದ್ರೆ ಬೆಳಗ್ಗೆ ಒಂದು, ರಾತ್ರಿ ಒಂದು."