ಮ್ಯಾಚಿಂಗ್ ಸಿಗಲಿಲ್ಲವೇ ಎಂದು ಕೇಳಿದವರಿಗೆ

ನಿನ್ನೆ ಬಾಗಲಕೋಟೆಯಲ್ಲಿ ಅಕ್ಕನ ಮಗಳ ಕುಬಸ, ಅಂದರೆ ಸೀಮಂತ. ಊಟಕ್ಕೆ ಕೂರುವುದರೊಳಗೆ ಮೂವರು ನನ್ನ ತೋಳು ಮುಟ್ಟಿ ಒಂದೇ ಪ್ರಶ್ನೆ ಕೇಳಿದರು: “ಯಾಕೆ, ಮ್ಯಾಚಿಂಗ್ ಸಿಗಲಿಲ್ಲವೇ?” ಮೂರನೆಯವರಂತೂ, “ಮೊದಲೇ ಹೇಳಿದ್ದರೆ ನನ್ನ ಕೆಂಪು ರವಿಕೆ ಕೊಡುತ್ತಿದ್ದೆನಲ್ಲ ತಂಗಿ” ಎಂದು ಮರುಗಿದರು. ಅವರದು ಪ್ರೀತಿಯೇ, ಗೊತ್ತು. ಆದರೂ ರಾತ್ರಿ ಬಸ್ಸಿನಲ್ಲಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಉಟ್ಟದ್ದು ಸಣ್ಣ ಚೌಕಡಿಯ ಇಳಕಲ್ ಸೀರೆ. ಗೋಮಿ ದಡಿಯ ಅಂಚು, ಕೆಂಪು ಸೆರಗಿನಲ್ಲಿ ತೋಪು ತೆನೆ ಎಂಬ ಬಿಳಿಯ ಚಿತ್ತಾರ. ತೊಟ್ಟದ್ದು ಮರದ ಅಚ್ಚಿನಿಂದ ಬಣ್ಣ ಒತ್ತಿದ ಅಜ್ರಕ್ ಬಟ್ಟೆಯ ರವಿಕೆ: ನೀಲಿ ನೆಲ, ಕೆಂಪು ನಕ್ಷತ್ರ, ಸುತ್ತ ಕಪ್ಪು ಗೆರೆ. ಚೌಕಡಿ, ತೆನೆ, ನಕ್ಷತ್ರ ಮೂರೂ ಒಂದೇ ಮೈಮೇಲೆ. ಅದು ಮರೆವೂ ಅಲ್ಲ, ಅವಸರವೂ ಅಲ್ಲ. ಮೂರು ವಾರ ಸೀರೆಯನ್ನು ಮಂಚದ ಮೇಲೆ ಹರಡಿ, ಒಂದೊಂದೇ ಬಟ್ಟೆಯನ್ನು ಸೆರಗಿನ ಪಕ್ಕ ಇಟ್ಟು, ಬೆಳಗಿನ ಬೆಳಕಿನಲ್ಲಿ ಒಮ್ಮೆ, ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ ಆರಿಸಿದ ಜೋಡಿ ಅದು.

ಆರಿಸಿದರೆ ಸಾಕೇ? ಮ್ಯಾಚಿಂಗ್ ಸೆಂಟರಿಗೆ ಲೈನಿಂಗ್ ತರಲು ಹೋದರೆ ಅಲ್ಲಿಯ ಹುಡುಗ ಸೀರೆ ನೋಡಿದವನೇ ಸಾದಾ ರವಿಕೆ ಬಟ್ಟೆಯಾದ ಟೂ ಬೈ ಟೂ ರೂಬಿಯಾದ ಐದು ಕೆಂಪುಗಳನ್ನು ಕೌಂಟರಿನ ಮೇಲೆ ಸಾಲಾಗಿ ಬಿಡಿಸಿಟ್ಟ. ದರ್ಜಿ ಅಳತೆ ಬರೆದುಕೊಳ್ಳುತ್ತ ಎರಡು ಸಲ ಕೇಳಿದರು: “ಮೇಡಂ, ಈ ಸೀರೆಗೆ ಇದೇನಾ?” ಇದೇ ಎಂದೆ. ಹೊಲಿದು ಕೊಡುವಾಗ ಮತ್ತೊಮ್ಮೆ ಕೇಳಿದರು.

ಸೀರೆ ಮತ್ತು ಕುಪ್ಪಸದ ಬಣ್ಣ ಒಂದೇ ಇರಬೇಕೆಂದು ನಮ್ಮಲ್ಲಿ ಯಾವ ಹಿರಿಯಳು ಹೇಳಿದ್ದಳು? ಈ ಮಾತು ಬೇರೆ ಸೀಮೆಯಲ್ಲಿ ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಬಾಗಲಕೋಟೆಯಲ್ಲಿ ಕೇಳಿದ್ದಕ್ಕೆ ನೋವು. ಇಳಕಲ್ಲಿನ ಸೀರೆಯ ಮೇಲೆ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ, ಕುಪ್ಪಸ ತೊಟ್ಟ ನಾಡಿದು. ಸೀರೆಯ ಒಡಲಲ್ಲಿ ಚೌಕಡಿ ಅಥವಾ ಗೆರೆ. ಸೆರಗಿನಲ್ಲಿ ಬಾಚಣಿಕೆಯ ಹಲ್ಲಿನಂತೆ, ಜೋಳದ ತೆನೆಯಂತೆ ಎದ್ದ ಬಿಳಿ ಸಾಲು. ಕುಪ್ಪಸದಲ್ಲಿ ತೇರು, ಆನೆಹೆಜ್ಜೆ. ಅಂಚಿನಲ್ಲಿ ಬೇರೆಯದೇ ಬಣ್ಣದ ಪಟ್ಟಿ. ಕೈಬಿಡುವಿದ್ದವರು ಸೀರೆಯ ಮೇಲೆ ಕಸೂತಿಯ ಗೋಪುರವನ್ನೂ ಎಬ್ಬಿಸುತ್ತಿದ್ದರು. ಒಂದಕ್ಕೊಂದು ಹೊಂದದ ಇಷ್ಟನ್ನೂ ಒಂದೇ ಮೈಮೇಲೆ ಹೊಂದಿಸಿದವರು ನಮ್ಮ ಅವ್ವಂದಿರು, ಆಯಿಗಳು. ಇಳಕಲ್ ಸೀರೆಯಂತೂ ಹುಟ್ಟುವುದೇ ಜೋಡಣೆಯಲ್ಲಿ: ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ನೇಯುತ್ತಾರೆ, ಹತ್ತಿಯ ಒಡಲು ರೇಷ್ಮೆಯ ಸೆರಗನ್ನು ಹಿಡಿದುಕೊಳ್ಳುತ್ತದೆ.

ಅದೂ ಯಾವ ದಿನ? ಕುಬಸದ ದಿನ! ಕುಬಸವೆಂದರೆ ಕುಪ್ಪಸ. ಬಸುರಿಯ ಸಂಭ್ರಮಕ್ಕೆ ಆ ತುಂಡು ಬಟ್ಟೆಯ ಹೆಸರನ್ನೇ ಇಟ್ಟ ಜನ ನಾವು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬಿನ ಜೊತೆ ಖಣ ಇಡುತ್ತೇವೆ. ಯಾರೂ ಅವಳ ಸೀರೆಯ ಬಣ್ಣ ಕೇಳಿ ಖಣ ತರುವುದಿಲ್ಲ.

“ಎರಡು ಅಚ್ಚು ಕೂಡಿದರೆ ಕಣ್ಣಿಗೆ ಹೊಡೆಯುತ್ತದೆ” ಎನ್ನುತ್ತಾರೆ. ಹೊಡೆಯುತ್ತದೆ, ಸರಿಯಾಗಿ ನೋಡದೆ ಕೂಡಿಸಿದರೆ. ಹೋದ ವರ್ಷ ಅಂಗೈಯಗಲದ ಹೂವಿನ ಕಲಂಕಾರಿ ಕುರ್ತಾಕ್ಕೆ ಅಷ್ಟೇ ದೊಡ್ಡ ಹೂವಿನ ದುಪಟ್ಟಾ ಹೊದ್ದು ಹೋಗಿದ್ದೆ. ಎರಡೂ ಜಗಳಕ್ಕೆ ಬಿದ್ದವು, ಮಧ್ಯಾಹ್ನದ ಹೊತ್ತಿಗೆ ದುಪಟ್ಟಾ ಚೀಲ ಸೇರಿತು. ಅಂದು ತಿಳಿದದ್ದು ಇಷ್ಟು: ಒಂದು ದೊಡ್ಡದಿದ್ದರೆ ಇನ್ನೊಂದು ಸಣ್ಣದಿರಬೇಕು, ಎರಡರ ನಡುವೆ ಒಂದಾದರೂ ಬಣ್ಣ ಹಂಚಿಕೊಂಡಿರಬೇಕು. ನಿನ್ನೆಯ ರವಿಕೆಯ ನಕ್ಷತ್ರದ ಕೆಂಪು ಸೆರಗಿನ ಕೆಂಪಿಗೆ ಅಕ್ಕನಂತಿತ್ತು, ಒಂದು ಛಾಯೆ ಹಿರಿದು. ಅಜ್ರಕ್‌ನ ಆ ಕೆಂಪು ಮಂಜಿಷ್ಠದ ಬೇರಿನದು, ನೀಲಿ ನೀಲಿಗಿಡದ್ದು, ಕಪ್ಪು ಗೆರೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಯಿಸಿ ತೆಗೆದದ್ದು. ಬಣ್ಣಗಳು ಇಷ್ಟು ಮಾಗಿರುವಾಗ ಕಣ್ಣಿಗೆ ಹೊಡೆಯುವ ಮಾತೇ ಇಲ್ಲ. ಹೊಡೆಯುವುದು ಒಂದೇ ಬಣ್ಣವನ್ನು ಅಡಿಯಿಂದ ಮುಡಿಯವರೆಗೆ ಬಳಿದುಕೊಂಡಾಗ, ಬಳೆ, ಬಿಂದಿ, ಚಪ್ಪಲಿ ಎಲ್ಲವೂ ಅದೇ ಕೆಂಪಾದಾಗ.

ಇಷ್ಟು ಸಿಟ್ಟಿಗೆ ಇನ್ನೊಂದು ಕಾರಣವಿದೆ, ಯಾರಿಗೂ ಹೇಳಿರಲಿಲ್ಲ. ಎಂಟನೆಯ ತರಗತಿಯಲ್ಲಿ ನನಗೆ ಬಹುಮಾನ ಬಂದ ದಿನ ಅವ್ವ ಹಸಿರು ಚೌಕಡಿಯ ಸೀರೆ, ನೇರಳೆ ಖಣದ ಕುಪ್ಪಸದಲ್ಲಿ ಶಾಲೆಗೆ ಹೊರಟಿದ್ದಳು. ಗೆಳತಿಯರ ತಾಯಂದಿರೆಲ್ಲ ಮ್ಯಾಚಿಂಗ್ ತೊಟ್ಟು ಬರುವವರು. “ಅದನ್ನು ಬದಲಿಸಿ ಬಾ, ಹಾಗೆ ಬರಬೇಡ” ಎಂದೆ. ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ಸಾದಾ ಹಸಿರು ರವಿಕೆ ತೊಟ್ಟು ಬಂದಳು. ಆಮೇಲೆ ಖಣದ ಕುಪ್ಪಸವನ್ನು ಅವಳ ಮೈಮೇಲೆ ನಾನು ನೋಡಲೇ ಇಲ್ಲ. ಅವು ಒಂದೊಂದಾಗಿ ಕೌದಿಗೆ ಹೋದವು. ಕುಪ್ಪಸಕ್ಕೆಂದೇ ಹುಟ್ಟಿದ ಖಣ ಉಡಿಗಷ್ಟೇ ಉಳಿದು ಮೈಗೆ ಬೇಡವಾಯಿತು. ಗುಳೇದಗುಡ್ಡದ ಎಷ್ಟೋ ಮಗ್ಗಗಳು ಏಕೆ ಸುಮ್ಮನಾದವು ಎಂದು ಯಾರಾದರೂ ಕೇಳಿದರೆ ನನಗೆ ನನ್ನ ಆ ಮಾತೇ ನೆನಪಾಗುತ್ತದೆ.

ನಿನ್ನೆ ಹೊರಡುವ ಹೊತ್ತಿಗೆ ಭಾವನ ಕಡೆಯ ಒಬ್ಬ ಆಯಿ ಬಳಿಗೆ ಕರೆದರು. ಎಂಬತ್ತು ದಾಟಿರಬೇಕು. ಉಟ್ಟದ್ದು ಗೆರೆಯ ಸೀರೆ, ತೊಟ್ಟದ್ದು ಮುಂದೆ ಗಂಟು ಹಾಕಿದ ಖಣದ ಕುಪ್ಪಸ. ನಾಲ್ಕನೆಯ ಸಲ ಅದೇ ಪ್ರಶ್ನೆಗೆ ಸಿದ್ಧಳಾಗಿ ಕೂತೆ. ಆಯಿ ನನ್ನ ರವಿಕೆಯ ತೋಳಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರು, ಮಡಚಿ ಒಳಬದಿ ನೋಡಿದರು, ಆಮೇಲೆ ಕೇಳಿದರು:

“ಇದು ಯಾವ ಊರಿನ ಖಣ, ಮಗಳೇ?”

ಗುಜರಾತಿನ ಕಛ್ ಕಡೆಯದು, ನೇಯ್ದದ್ದಲ್ಲ, ಮರದ ಅಚ್ಚಿನಿಂದ ಒತ್ತಿದ್ದು ಎಂದೆ. 2001ರ ಭೂಕಂಪದಲ್ಲಿ ಮನೆಮಠ ಕಳೆದುಕೊಂಡ ಅಚ್ಚಿನವರು ಅಜ್ರಕ್‌ಪುರವೆಂಬ ಹೊಸ ಊರನ್ನೇ ಕಟ್ಟಿಕೊಂಡು ಒತ್ತುತ್ತಿದ್ದಾರೆ ಎಂದೂ ಹೇಳಿದೆ. ಆಯಿ ತಮ್ಮ ಸೆರಗನ್ನು ಎಳೆದು ನನ್ನ ತೋಳಿನ ಮೇಲೆ ಹಾಸಿ, ಎರಡನ್ನೂ ಸ್ವಲ್ಪ ಹೊತ್ತು ನೋಡಿದರು. “ನನ್ನ ಸೀರೆಗೂ ಒಪ್ಪುತ್ತದೆ. ಮುಂದಿನ ಸಲ ಬರುವಾಗ ಒಂದು ತುಂಡು ತಾ” ಎಂದರು.